ರಾಜೇಶ್ವರದ ಶಾಲೆಗಳು ಸಾಲುವುವೇ?



ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಬಹುಪಾಲು ಕೆಳಗಡೆಯೇ ಕಾಣುವುವು. ಹೀಗಿರಲು, ಊರ ಸರಕಾರಿ ಶಾಲೆ ಸಾಕೇ, ಇಲ್ಲವೆ ಮಕ್ಕಳನ್ನು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಕಳುಹಬೇಕೇ ಎಂಬುದು ರಾಜೇಶ್ವರದ ತಂದೆತಾಯಿಗಳ ಮುಂದಿರುವ ಪ್ರಶ್ನೆ.

ಆ ಪಟ್ಟಿ ಜಿಲ್ಲೆಯನ್ನು ಅಳೆಯುವುದೇ ಹೊರತು ಒಂದೊಂದು ಶಾಲೆಯನ್ನಲ್ಲ. ನಿಜಾಮರ ಆಳಿಕೆಯಲ್ಲಿ, 1948ರ ವರೆಗೆ, ಮೇಲಿನ ವಿದ್ಯೆಗೆ ಉರ್ದುವೇ ಬಾಗಿಲಾಗಿದ್ದುದು ನಿಜ. ಆದರೆ 1956ರಲ್ಲಿ ನಾಡು ಒಂದಾದ ಬಳಿಕವೂ ಅದನ್ನೇ ನೆಪವಾಗಿ ಹೇಳುತ್ತಿರುವುದು ನಮಗೆ ಒಪ್ಪದು.

ಆದುದರಿಂದ ನಾವೇ ಶಾಲೆಗೆ ಹೋಗಿ ಮೂರು ಸಾಕ್ಷ್ಯಗಳನ್ನು ಕೇಳೋಣ. ಮನೆಮಾತು ಮರಾಠಿಯಾಗಲಿ, ಉರ್ದುವಾಗಲಿ, ಲಂಬಾಣಿಯಾಗಲಿ, ಐದನೆಯ ತರಗತಿಯ ಮಗು ಕನ್ನಡದ ಒಂದು ಪುಟವನ್ನೋದಿ ಅರ್ಥ ಹೇಳಬಲ್ಲುದೇ? 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಕೆಳ ತರಗತಿಗಳಲ್ಲಿ 30 ಮಕ್ಕಳಿಗೊಬ್ಬ ಉಪಾಧ್ಯಾಯರಿರುವರೇ? ಹೆಣ್ಣುಮಕ್ಕಳು ಹತ್ತನೆಯ ತರಗತಿಯ ತನಕ ಉಳಿಯುವರೇ?

ಮೂರಕ್ಕೂ ಹೌದೆಂದರೆ ಶಾಲೆ ಸಾಕು. ಇಲ್ಲವೆಂದರೆ ಅನುಕೂಲಸ್ಥರು ಮಕ್ಕಳನ್ನು ಬಿಡಿಸಿಕೊಂಡು ಹೋಗುವುದು ಪರಿಹಾರವಲ್ಲ. ಅವರೊಡನೆ ಕೇಳುವ ಬಾಯಿಯೂ ಹೊರಟುಹೋಗಿ, ಕೂಲಿಕಾರನ ಮಗು ಮಾತ್ರ ಅಲ್ಲಿ ಉಳಿಯುವುದು.

2012ರ ತಿದ್ದುಪಡಿಯ 371(ಜೆ) ವಿಧಿಯು ಕಾಲೇಜಿನಲ್ಲಿಯೂ ನೌಕರಿಯಲ್ಲಿಯೂ ನಮ್ಮ ಮಕ್ಕಳಿಗೆ ಸ್ಥಾನ ಕಾದಿರಿಸಲು ಎಡೆಮಾಡಿದೆ. ಹತ್ತನೆಯ ತರಗತಿ ದಾಟದ ಮಗುವಿಗೆ ಅದರಿಂದೇನು ಲಾಭ? ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಇನ್ನು ಮುಂದೆ ತಪ್ಪದೆ ಹೋಗಿ, ಈ ಮೂರು ಲೆಕ್ಕಗಳನ್ನು ಕೇಳೋಣ.