ಅಳಿಸಿದ ಸಂದೇಶ, ಉಳಿದ ಪ್ರತಿ



2022ರ ಆಗಸ್ಟ್ ತಿಂಗಳಿನಲ್ಲಿ ಕೊಲ್ಹಾಪುರ ಜಿಲ್ಲೆಯ ಒಬ್ಬ ಪ್ರಾಧ್ಯಾಪಕರು ತಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಎರಡು ಮೂರು ಸಾಲುಗಳನ್ನು ಹಾಕಿದರು. ಜಮ್ಮು-ಕಾಶ್ಮೀರದ ವಿಶೇಷ ಸ್ಥಾನ ರದ್ದಾದ ದಿನವನ್ನು ಅವು ಕರಾಳ ದಿನವೆಂದು ಕರೆದವು. ಆಗಸ್ಟ್ 14ರ ನಿಮಿತ್ತ ಪಾಕಿಸ್ತಾನಕ್ಕೆ ಶುಭ ಕೋರಿದವು. ಅವರು ಪಾಲಕರೂ ಶಿಕ್ಷಕರೂ ಕೂಡಿದ್ದ ಒಂದು ವಾಟ್ಸ್‌ಆ್ಯಪ್ ಗುಂಪಿನ ಸದಸ್ಯರಾಗಿದ್ದರು. ಇಚಲಕರಂಜಿಗೆ ಸಮೀಪದ ಹಾತಕಣಂಗಲೆ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಅದನ್ನು ರದ್ದುಪಡಿಸಲು ಮುಂಬಯಿ ಉಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ. 2024ರ ಮಾರ್ಚ್ 7ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿ, ಇಂತಹ ಟೀಕೆಯೂ ಶುಭಾಶಯವೂ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗಿನವು ಎಂದು ತೀರ್ಪಿತ್ತಿತು.

ಸ್ಟೇಟಸ್ ಎಂಬುದು 24 ಗಂಟೆಗಳಲ್ಲಿ ತಾನಾಗಿಯೇ ಮರೆಯಾಗುವ ಬರಹ. ಒಂದು ದಿನದ ಆಯುಷ್ಯದ ಆ ಬರಹಕ್ಕೆ ಒಂದೂವರೆ ವರ್ಷಕ್ಕೂ ಮಿಕ್ಕ ವ್ಯಾಜ್ಯ ಅಂಟಿಕೊಂಡಿತು. 2023ರ ಜೂನ್ 7ರಂದು ಕೊಲ್ಹಾಪುರ ನಗರದಲ್ಲಿ ಅಶಾಂತಿ ತಲೆದೋರಿ ಅಂತರ್ಜಾಲ ಸೇವೆಯೇ ನಿಂತದ್ದಕ್ಕೂ ಕೆಲವರ ಸಾಮಾಜಿಕ ಜಾಲತಾಣದ ಬರಹಗಳೇ ಕಾರಣವಾಗಿದ್ದವು. ಆದ್ದರಿಂದ, ಕಳುಹಿಸಿದ ಮಾತನ್ನು ಹಿಂದೆಗೆದುಕೊಳ್ಳುವ ಹಕ್ಕು ಯಾರಿಗೆ, ಎಷ್ಟು ದೂರದವರೆಗೆ ಇದೆ ಎಂಬ ಪ್ರಶ್ನೆ ಈ ಜಿಲ್ಲೆಯ ಶಾಲೆಗಳಿಗೆ ಪರಕೀಯವಲ್ಲ.

ವಾಟ್ಸ್‌ಆ್ಯಪ್ 2017ರಲ್ಲಿ ಎಲ್ಲರ ಫೋನಿನಿಂದಲೂ ಸಂದೇಶ ಅಳಿಸುವ ಸೌಲಭ್ಯವನ್ನು ಮೊದಲು ಕೊಟ್ಟಾಗ ಅವಧಿ ಕೇವಲ 7 ನಿಮಿಷ. ಮರುವರ್ಷ ಅದು ಒಂದು ಗಂಟೆಯ ಮೇಲಾಯಿತು; 2022ರಲ್ಲಿ ಎರಡು ದಿನ 12 ಗಂಟೆಯವರೆಗೆ ವಿಸ್ತರಿಸಿತು. ಅಳಿಸಿದ ಜಾಗದಲ್ಲಿ, ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ. ಟೆಲಿಗ್ರಾಮ್ 2019ರಲ್ಲಿ ಇನ್ನೂ ಮುಂದೆ ಹೋಗಿ, ಇಬ್ಬರ ಸಂಭಾಷಣೆಯಲ್ಲಿ ಎದುರಿನವರ ಮಾತನ್ನೂ, ಎಷ್ಟೇ ಹಳೆಯದಾಗಿದ್ದರೂ, ಇಬ್ಬರ ಬಳಿಯಿಂದಲೂ ಅಳಿಸಲು ಅವಕಾಶವಿತ್ತಿತು. ಇಲ್ಲಿಯೇ ತೊಡಕು. ತನ್ನ ಮಾತನ್ನು ಹಿಂದೆಗೆದುಕೊಳ್ಳುವುದು ಬೇರೆ; ಇನ್ನೊಬ್ಬರ ಬಳಿಯಿರುವ ಅವರದೇ ಮಾತನ್ನು ಅವರಿಗೆ ತಿಳಿಯದಂತೆ ಒಯ್ಯುವುದು ಬೇರೆ. ಮೊದಲನೆಯದನ್ನು ಹಕ್ಕು ಎನ್ನಬಹುದು. ಎರಡನೆಯದಕ್ಕೆ ಆ ಹೆಸರು ಒಪ್ಪದು.

ಕಾನೂನಿನ ದಾರಿ ಬೇರೆಯದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ 12ನೆಯ ಕಲಮು, ಸಮ್ಮತಿ ಕೊಟ್ಟು ಒಪ್ಪಿಸಿದ ವಿವರವನ್ನು ಅಳಿಸುವಂತೆ ಸಂಸ್ಥೆಯನ್ನು ಕೇಳುವ ಹಕ್ಕನ್ನು ನೀಡುತ್ತದೆ. ಆದರೆ ಒಬ್ಬ ವ್ಯಕ್ತಿ ತನ್ನ ಖಾಸಗಿ ಅಥವಾ ಮನೆವಾರ್ತೆಯ ಉದ್ದೇಶಕ್ಕೆ ಇಟ್ಟುಕೊಂಡ ವಿವರಕ್ಕೆ ಆ ಅಧಿನಿಯಮ ಅನ್ವಯಿಸದು. ಅಂದರೆ ಕಂಪನಿಯ ಯಂತ್ರದಿಂದ ಅಳಿಸಿರೆಂದು ಕೇಳಬಹುದು. ಗೆಳೆಯನ ಫೋನಿನಲ್ಲಿರುವ ಸ್ಕ್ರೀನ್‌ಶಾಟ್ ಅಲ್ಲಿಯೇ ಇರುತ್ತದೆ.

ಕೊಲ್ಹಾಪುರದ ಶಿಲಾಹಾರರು ತಮ್ಮ ದಾನಗಳನ್ನು ಕನ್ನಡದಲ್ಲಿಯೂ ಕಲ್ಲಿಗೆ ಕೊರೆಯಿಸಿದರು. ದಾನವನ್ನು ಕೆಡಿಸಿದವನಿಗೆ ಶಾಪ ಹಾಕುವುದು ನಮ್ಮ ಶಾಸನಗಳ ವಾಡಿಕೆ. ಬರೆದದ್ದು ಅಳಿಯಬಾರದೆಂಬ ಚಿಂತೆ ಅವರದು. ಇಂದಿನ ಏಳನೆಯ ಇಯತ್ತೆಯ ಹುಡುಗಿಯ ಚಿಂತೆ ಅದಕ್ಕೆ ತಿರುಗುಮುರುಗು. ಗಡಹಿಂಗ್ಲಜ ತಾಲೂಕಿನಂತಹ ಗಡಿಯ ಶಾಲೆಯಲ್ಲಿ ಕನ್ನಡದ ತಮಾಷೆಯ ಸಾಲೊಂದು ಮರಾಠಿ ಗುಂಪಿಗೆ ಹೋಗಿ ಬೇರೆಯೇ ಅರ್ಥ ಪಡೆಯಬಹುದು. ಬರೆದ ಮಗು ಬೆದರಿ ಅಳಿಸಿದರೆ ಅದನ್ನು ಅಪರಾಧದ ಒಪ್ಪಿಗೆಯೆಂದು ಶಿಕ್ಷಕರು ತಿಳಿಯಬಾರದು. ಹನ್ನೆರಡರ ಹರೆಯದಲ್ಲಿ ತಪ್ಪನ್ನು ಅಳಿಸಿ ಮತ್ತೆ ಬರೆಯುವುದೇ ಕಲಿಕೆ. ಪಾಟಿಯ ಮೇಲೆ ಎಲ್ಲರೂ ಹಾಗೆಯೇ ಕಲಿತವರು.

ಅದೇ ಸೌಲಭ್ಯ ಪೀಡಕನ ಕೈಯಲ್ಲಿಯೂ ಇದೆ. ಹುಡುಗಿಯೊಬ್ಬಳಿಗೆ ರಾತ್ರಿ ಬಂದ ಹೊಲಸು ಸಂದೇಶ ಬೆಳಗಾಗುವಷ್ಟರಲ್ಲಿ ಮಾಯವಾಗಿರುತ್ತದೆ. ಅವಳ ದೂರಿಗೆ ಆಧಾರವಿಲ್ಲವಾಗುತ್ತದೆ. ನಾಚಿಕೆಯಿಂದ ಅವಳೇ ಅಳಿಸಿರುವುದೂ ಉಂಟು. ಶಾಲೆಯ ಹೆಸರು ಕೆಡದಿರಲೆಂದು ಹಿರಿಯರೇ ಅಳಿಸಲು ಹೇಳುವುದೂ ಉಂಟು. ಸಾಕ್ಷ್ಯವಾಗಬೇಕಾದ ವಿದ್ಯುನ್ಮಾನ ದಾಖಲೆಯನ್ನು ತಡೆಯುವ ಉದ್ದೇಶದಿಂದ ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 241ನೆಯ ಕಲಮಿನಂತೆ ಅಪರಾಧವೆಂಬುದು ಅಂತಹ ಹಿರಿಯರಿಗೆ ಗೊತ್ತಿರಲಿ.

ಮಗು ಫೋನನ್ನು ಹಿಡಿದು ಶಿಕ್ಷಕರ ಬಳಿಗೆ ಬಂದಾಗ ಮೊದಲು ಅದರ ಮಾತು ಕೇಳಬೇಕು. ಬಳಿಕ ದಿನಾಂಕ, ವೇಳೆ, ಕಳುಹಿಸಿದವನ ಸಂಖ್ಯೆ ಕಾಣುವಂತೆ ಪರದೆಯ ಚಿತ್ರ ತೆಗೆಯಿಸಬೇಕು. ಸಂದೇಶದಲ್ಲಿ ಮಗುವಿನ ಅಶ್ಲೀಲ ಚಿತ್ರವಿದ್ದರೆ ಮಾತ್ರ ಅದರ ಪ್ರತಿಯನ್ನು ತೆಗೆಯದೆ, ಯಾರಿಗೂ ಕಳುಹಿಸದೆ, ಫೋನನ್ನು ಇದ್ದಂತೆಯೇ ಪೊಲೀಸರಿಗೆ ತೋರಿಸಬೇಕು. ಪಾಲಕರಿಗೆ ತಿಳಿಸುವುದೂ, 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡುವುದೂ ಅದೇ ದಿನ ಆಗಬೇಕು. ಅಳಿಸುವ ಮಾತು ಆಮೇಲೆ.