ಒಂದೇ ಮನೆಯ ಮಕ್ಕಳಿಗೆ ಎರಡು ಅಳತೆಯೇಕೆ?

(ಶಾಲಾ ವರ್ಷದ ಆರಂಭದಲ್ಲಿ ಮುಶಿಗೇರಿಯ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಮುಂಗಾರಿನ ಮೊದಲ ಮಳೆಗೆ ನಮ್ಮ ಎರೆಹೊಲಗಳಲ್ಲಿ ಹೆಸರು ಬಿತ್ತುವ ಹೊತ್ತಿಗೇ ಶಾಲೆಗಳ ಬಾಗಿಲೂ ತೆರೆಯುತ್ತದೆ. ಬೀಜ, ಗೊಬ್ಬರ, ಸಾಲದ ಕಂತುಗಳ ಜೊತೆಗೆ ಪಾಟಿಚೀಲ, ನೋಟುಪುಸ್ತಕ, ಶುಲ್ಕಗಳ ಲೆಕ್ಕವೂ ಮನೆಯ ಯಜಮಾನನ ಮುಂದೆ ಬಂದು ನಿಲ್ಲುತ್ತದೆ. ಒಂದೇ ಮನೆಯಿಂದ ಮೂವರು ಮಕ್ಕಳು ಶಾಲೆಗೆ ಹೊರಟಾಗ ಎಲ್ಲರ ಅಗತ್ಯವನ್ನೂ ಪೂರೈಸಲು ದುಡಿಯುವ ಕೈಗೆ ಸಾಧ್ಯವಾಗದಿರಬಹುದು. ಆಗ ಯಾರಿಗೆ ಕೊಡಬೇಕು, ಯಾರಿಗೆ ಕಡಿಮೆ ಮಾಡಬೇಕು ಎಂದು ತೀರ್ಮಾನಿಸುವುದು ಅನಿವಾರ್ಯವಾಗುತ್ತದೆ. ಆ ತೀರ್ಮಾನವನ್ನು ನಾವು ಯಾವ ನ್ಯಾಯದ ಮೇಲೆ ಕೈಗೊಳ್ಳುತ್ತೇವೆ? ಇಂದು ನಿಮ್ಮ ಮುಂದಿಡಬಯಸುವ ಪ್ರಶ್ನೆ ಇದೊಂದೇ.

ರೂಢಿಯಲ್ಲಿರುವ ಉತ್ತರವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಗನಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮ, ಶಾಲಾ ವ್ಯಾನು, ಟ್ಯೂಷನ್. ಮಗಳಿಗೆ ಊರಿನ ಸರಕಾರಿ ಶಾಲೆ. ಅದೂ ಮನೆಯಲ್ಲಿ ಕೆಲಸವಿಲ್ಲದ ದಿನ ಮಾತ್ರ. ಸರಕಾರಿ ಶಾಲೆಯಲ್ಲಿ ಕಲಿತು ದೊಡ್ಡವರಾದವರು ನಮ್ಮ ನಾಡಿನಲ್ಲಿ ಅಸಂಖ್ಯ. ಆ ಶಾಲೆಯನ್ನು ನಾನು ದೂರುತ್ತಿಲ್ಲ. ತಾಯಿ ಕೂಲಿಗೆ ಹೋದ ದಿನ ಕೂಸನ್ನು ಎತ್ತಿಕೊಳ್ಳುವವಳು ಆಪಾ. ಕುಟುಂಬವು ಗುಳೆ ಹೊರಟು ಗೋವಾ, ಮಂಗಳೂರುಗಳಲ್ಲಿ ಕಟ್ಟಡ ಕೆಲಸಕ್ಕೆ ನಿಂತಾಗ ಅಡುಗೆ ನೋಡಿಕೊಳ್ಳಲು ಜೊತೆಗೆ ಹೋಗುವವಳೂ ಅವಳೇ. ಹಾಜರಿ ಪುಸ್ತಕದಲ್ಲಿ ಮೊದಲು ಅವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ, ಬಳಿಕ ಹೆಸರೇ ಅಳಿಸಿಹೋಗುತ್ತದೆ. ತಮ್ಮ ತಂಗಿಯರನ್ನು ಕೈಹಿಡಿದು ಶಾಲೆಯ ಬಾಗಿಲಿಗೆ ಬಿಟ್ಟು ಬರುವ ಹುಡುಗಿ ತಾನು ಮಾತ್ರ ಒಳಗೆ ಹೋಗದಿರುವುದು ಎಂಥ ವಿಪರ್ಯಾಸ!

2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳ ಪೈಕಿ ಶೇ. 25ರಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು ತಿಳಿಸಿತು. ಆ ವರದಿಯನ್ನು ಹಿಡಿದು ನಾವು ಸರಕಾರದ ಮುಂದೆ ನ್ಯಾಯ ಕೇಳಿದೆವು, ಕೇಳಲೇಬೇಕಾಗಿತ್ತು. ಆದರೆ ಅದೇ ನ್ಯಾಯವನ್ನು ಮನೆಯ ಮಗಳು ನಮ್ಮಲ್ಲಿ ಕೇಳಿದರೆ ಕೊಡಲು ನಾವು ಸಿದ್ಧರಿದ್ದೇವೆಯೇ?

ಸರಕಾರದ ಹೊಣೆಯನ್ನೂ ಮರೆಯುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯೇ ಉಚಿತ ಶಿಕ್ಷಣ ನೀಡುತ್ತದೆಂಬ ಕಾರಣ ಕೊಟ್ಟು ಕೇಂದ್ರ ಸರಕಾರವು 2022ರಲ್ಲಿ 1ರಿಂದ 8ನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ನಿಲ್ಲಿಸಿ, ಅದನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. ಮಕ್ಕಳ ಓದಿನ ಖರ್ಚು ಪಠ್ಯಪುಸ್ತಕದೊಂದಿಗೆ ಮುಗಿಯುವುದಿಲ್ಲವೆಂಬುದು ಬಡವರಿಗೆ ಚೆನ್ನಾಗಿ ಗೊತ್ತು. ಈ ಕಡಿತವನ್ನು ಪ್ರಶ್ನಿಸೋಣ. ಆದರೆ ಅದರ ಹೊರೆಯನ್ನು ಮಗಳೊಬ್ಬಳ ತಲೆಯ ಮೇಲೆ ಹೊರಿಸದಿರೋಣ.

ಇರುವ ಅವಕಾಶಗಳನ್ನಾದರೂ ನಾವು ಬಳಸುತ್ತಿದ್ದೇವೆಯೇ? 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಓದು ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಗುಳೆ ಹೋದ ಊರಿನ ಸರಕಾರಿ ಶಾಲೆಯು ಟಿ.ಸಿ. ಬರಲು ತಡವಾಯಿತೆಂಬ ಕಾರಣಕ್ಕೆ ಮಗುವನ್ನು ಹಿಂದೆ ಕಳುಹಿಸುವಂತಿಲ್ಲ. ಚಿಕ್ಕ ಕೂಸನ್ನು ಅಂಗನವಾಡಿಗೆ ಕಳುಹಿಸಿದರೆ ಆಪಾಳ ಹಗಲು ಅವಳಿಗೇ ಮರಳುತ್ತದೆ. ಮುಂದಿನ ಓದಿಗೆ ಗಜೇಂದ್ರಗಡಕ್ಕೋ ರೋಣಕ್ಕೋ ಹೋಗಬೇಕಾದಾಗ ಬಸ್ ದರವೇ ಅಡ್ಡಿಯೆಂದು ಹೇಳುತ್ತಿದ್ದೆವು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಆ ಬಸ್ಸಿನಲ್ಲಿ ಸಂತೆಗೆ, ಮದುವೆಗೆ ಹೋಗುವ ನಮಗೆ ಮಗಳ ಕಾಲೇಜು ಮಾತ್ರ ದೂರವಾಗಿ ಕಾಣಬೇಕೇ?

ಕನ್ನಡಕ್ಕೆ ಮೊದಲ ಬಾರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ತಂದುಕೊಟ್ಟ ಬಾನು ಮುಷ್ತಾಕ್ ಅವರು ಹಾಸನದಲ್ಲಿ ಹುಟ್ಟಿದವರು. ಉರ್ದು ಕಲಿಯುತ್ತಿದ್ದ ಅವರನ್ನು ತಂದೆಯವರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬುದು ಶಾಲೆಯ ಷರತ್ತಾಗಿತ್ತು. ಬಾಲಕಿಯು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ವಯಸ್ಸು ಮೀರಿತೆಂದೋ, ಮನೆಮಾತು ಬೇರೆಯೆಂದೋ ಮಗಳನ್ನು ಮನೆಯಲ್ಲೇ ಕೂರಿಸಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಎಲ್ಲ ಮಕ್ಕಳಿಗೂ ಒಂದೇ ಶಾಲೆ, ಒಂದೇ ಖರ್ಚು ಆಗಬೇಕೆಂದು ನಾನು ಹೇಳುವುದಿಲ್ಲ. ಅಗತ್ಯಗಳು ಬೇರೆ ಬೇರೆ ಇರುತ್ತವೆ. ಆದರೆ ಒಬ್ಬರ ಓದಿಗಾಗಿ ಇನ್ನೊಬ್ಬರ ಓದನ್ನು ನಿಲ್ಲಿಸುವ ಹಕ್ಕು ತಂದೆತಾಯಿಗೂ ಇಲ್ಲ. ಹಣ ಸಾಲದಿದ್ದರೆ ಮಗನ ಟ್ಯೂಷನ್ ಕಡಿಮೆಯಾಗಲಿ, ಮದುವೆಯ ಆಡಂಬರ ಕಡಿಮೆಯಾಗಲಿ. ಮಗಳ ಹಾಜರಿ ಕಡಿಮೆಯಾಗುವುದು ಬೇಡ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೆಲ್ಲರನ್ನೂ ಹತ್ತಿರ ಕರೆದು, ಈ ವರ್ಷ ನಿಮಗೆ ಏನು ಬೇಕೆಂದು ಒಬ್ಬೊಬ್ಬರನ್ನೂ ಕೇಳಿರಿ. ಮೊದಲು ಆಪಾಳನ್ನು ಕೇಳಿರಿ.