ಹಿತ್ತಿಲ ಅಲಸಂದೆಗೆ ಹೇನು ಬಿದ್ದಾಗ



ಅಲಸಂದೆ ಕುಡಿಗೆ ಕರಿಹೇನು ಮುತ್ತಿತು ಅಂದ್ರೆ ಸಾಕು, ಪಂಪು ಹೆಗಲಿಗೇರುತ್ತದೆ. ನಾವೂ ಹಾಗೇ ಮಾಡಿದವರೇ. ಒಂದೇ ತಿಂಗಳಲ್ಲಿ ಮೂರು ಸಲ ಔಷಧಿ ಹೊಡೆದೆವು. ಅದೇ ಕಾಯಿ ಮಕ್ಕಳ ಸಾರಿಗೂ ಹೋಯಿತು. ಹೇನು ಮತ್ತೆ ಬಂತು. ಬಾರದೆ ಹೋದದ್ದು ಗುಲಗಂಜಿ ಹುಳು. ಅದರ ಮರಿ ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯಂತಿರುತ್ತದೆ. ಹೇನು ತಿಂದೇ ಬೆಳೆಯುವ ಅದನ್ನು ಪೀಡೆಯೆಂದು ಹೊಸಕಿದವರೂ ನಾವೇ! ಹೇನಿಗಾದರೋ ಗಂಡಿನ ಹಂಗಿಲ್ಲ, ಮೊಟ್ಟೆಯ ಗೊಡವೆಯಿಲ್ಲ. ನೇರ ಮರಿ ಹಾಕುತ್ತದೆ. ಆ ಮರಿ ವಾರ, ಹತ್ತು ದಿನದಲ್ಲಿ ತಾನೂ ಮರಿ ಹಾಕುತ್ತದೆ. ತಿನ್ನುವವರು ಸತ್ತ ಮೇಲೆ ಅದರದೇ ರಾಜ್ಯ.

ಈಗ ಬೆಳಿಗ್ಗೆ ಎಲೆ ತಿರುವಿ ನೋಡ್ತೇವೆ. ಇರುವೆ ಸಾಲು ಹತ್ತಿದ್ದರೆ ಹೇನಿದೆ ಅಂತಲೇ ಲೆಕ್ಕ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆ ಕಾವಲು ಕಾಯುತ್ತದೆ. ಮುತ್ತಿದ ಕುಡಿ ಚಿವುಟಿ ಸೋಪಿನ ನೀರಿಗೆ ಹಾಕ್ತೇವೆ. ಯೂರಿಯಾ ಕಡಿಮೆ ಮಾಡಿದ್ದೇವೆ. ಮೀರಿದರೆ, ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜ ಜಜ್ಜಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಕದಡಿ, ಸಂಜೆ ಎಲೆಯ ಅಡಿಗೆ ಸಿಂಪಡಿಸ್ತೇವೆ. ಔಷಧಿ ಬೇಕೇಬೇಕಾದರೆ, ಡಬ್ಬಿ ಮೇಲಿನ ಚೀಟಿಯಲ್ಲಿ ಬರೆದಷ್ಟು ದಿನ ಕಾಯಿ ಕೀಳಬೇಡಿ.

ಗುಲಗಂಜಿ ಮರಿಯ ಗುರುತು ಸಿಗದವರು ನಾಳೆ ಬೆಳಿಗ್ಗೆ ನಮ್ಮ ಹಿತ್ತಿಲಿಗೆ ಬನ್ನಿ, ತೋರಿಸ್ತೇವೆ.